ಸಡ್ಡೆಗೆ ಒಂದು ಚೀಟಿ

ನಾವು ಹದಿನಾಲ್ಕು ಜನ ಹೆಂಗಸರು. ಎಲ್ಲರೂ ಒಂದೇ ಊರಿನವರು. ನಮ್ಮದು ರಾಗಿ ಬೆಳೆಯುವ ಸೀಮೆ. ಹಗಲೆಲ್ಲ ಹೊಲದ ಕೆಲಸ, ಕೂಲಿ ಕೆಲಸ. ರಾತ್ರಿ ಶಾಲೆಯ ಜಗಲಿಯಲ್ಲಿ ಕೂತು ಅಕ್ಷರ ಕಲಿತೆವು. ಈಗ ಬಸ್ಸಿನ ಬೋರ್ಡು ಓದುತ್ತೇವೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದಿಲ್ಲ, ರುಜು ಹಾಕುತ್ತೇವೆ.

ಒಂದು ದಿನ ಟೀಚರಕ್ಕ ಹೇಳಿದರು:

"ಬರೋ ಭಾನುವಾರ ಪೇಟೆಗೆ ಹೋಗೋಣ. ಅಲ್ಲಿ ಒಂದು ವಸ್ತು ಸಂಗ್ರಹಾಲಯ ಇದೆ. ನೋಡಿ ಬರೋಣ."

"ಹಂಗಂದ್ರೇನಕ್ಕ?" ಎಂದು ಕೇಳಿದೆವು.

"ಹಳೇ ಕಾಲದ ವಸ್ತುಗಳನ್ನ ಒಂದು ಕಡೆ ಜೋಪಾನವಾಗಿ ಇಟ್ಟಿರ್ತಾರೆ. ನಮ್ಮ ಹಿಂದಿನವರು ಹೇಗೆ ಬದುಕಿದ್ರು ಅಂತ ನೋಡಿ ತಿಳ್ಕೋಬಹುದು. ಮ್ಯೂಸಿಯಂ ಅಂತಾನೂ ಕರೀತಾರೆ."

ರಾಜರ ಕತ್ತಿ, ರಾಣಿಯ ಒಡವೆ ಇರಬಹುದು ಎಂದುಕೊಂಡೆವು. ಬುತ್ತಿ ಕಟ್ಟಿಕೊಂಡು ಹೊರಟೆವು.

ಅಲ್ಲಿ ಕಂಡದ್ದು

ಅದು ಒಂದು ಹಳೆಯ ತೊಟ್ಟಿ ಮನೆ. ಒಳಗೆ ಕಾಲಿಟ್ಟೆವು. ಕತ್ತಿಯೂ ಇಲ್ಲ, ಕಿರೀಟವೂ ಇಲ್ಲ. ನಮ್ಮ ಅಡುಗೆಮನೆಯೇ ಅಲ್ಲಿತ್ತು! ಬೀಸುವ ಕಲ್ಲು, ಒರಳು, ಒನಕೆ, ಮೊರ, ಕಡಗೋಲು, ನೆಲುವು. ಗೋಡೆಯ ಪಕ್ಕದಲ್ಲಿ ನೇಗಿಲು, ಕೂರಿಗೆ.

"ಇದನ್ನ ನೋಡಕ್ಕೆ ಬಸ್ ಹತ್ತಿ ಬರಬೇಕಿತ್ತಾ? ನಮ್ಮ ಅಟ್ಟದ ಮೇಲೇ ಬಿದ್ದೈತೆ" ಎಂದು ನಮ್ಮಲ್ಲೊಬ್ಬಳು ನಕ್ಕಳು.

ಪ್ರತಿ ವಸ್ತುವಿನ ಪಕ್ಕ ಒಂದು ಚೀಟಿ ಇತ್ತು. ಒಂದೊಂದೇ ಓದುತ್ತ ನಡೆದೆವು. ಪೇಟೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು.

"ಅಮ್ಮಾ, ಪಾವು ಅಂದ್ರೇನು?" ಎಂದು ಮಗು ಕೇಳಿತು. ತಾಯಿಗೆ ಗೊತ್ತಿರಲಿಲ್ಲ. ನಾವು ಹೇಳಿದೆವು:

"ನಾಲ್ಕು ಚಟಾಕಿಗೆ ಒಂದು ಪಾವು ಮಗ. ನಾಲ್ಕು ಪಾವಿಗೆ ಒಂದು ಸೇರು. ಹಿಂದೆ ಇದರಲ್ಲೇ ಅಳೀತಿದ್ರು."

1956ರಲ್ಲಿ ಅಳತೆ ತೂಕದ ಹೊಸ ಕಾಯ್ದೆ ಬಂತು. ಮುಂದಿನ ವರ್ಷಗಳಲ್ಲಿ ಕಿಲೋ, ಲೀಟರ್ ಎಲ್ಲ ಕಡೆ ಬಳಕೆಗೆ ಬಂದವು. ಅಂಗಡಿಯಿಂದ ಸೇರು ಪಾವು ಹೋದವು. ಆದರೂ ನಮ್ಮ ಮನೆಗಳಲ್ಲಿ ಅಕ್ಕಿ ಅಳೆಯಲು ಈಗಲೂ ಪಾವು ಬೇಕು.

ಹೆಸರಿಲ್ಲದ ವಸ್ತು

ಮೂಲೆಯಲ್ಲಿ ಒಂದು ಬಿದಿರಿನ ಕೊಳವೆ ಇತ್ತು. ತುದಿ ಚೂಪು. ಮೇಲೆ ಮರದ ಬಾಯಿ. ಅದರ ಚೀಟಿಯಲ್ಲಿ ಹೀಗೆ ಬರೆದಿತ್ತು: "ಬಿದಿರಿನ ಕೊಳವೆ. ಉಪಯೋಗ ತಿಳಿದಿಲ್ಲ."

ನಮ್ಮ ಜೊತೆ ದೊಡ್ಡವ್ವ ಬಂದಿದ್ದರು. ಎಪ್ಪತ್ತು ದಾಟಿದವರು. ನಮ್ಮೆಲ್ಲರಿಗಿಂತ ಹಿರಿಯರು. ಚೀಟಿಯನ್ನು ಅಕ್ಷರ ಕೂಡಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಜೋರಾಗಿಯೇ ಹೇಳಿದರು:

"ತಿಳಿದಿಲ್ಲ ಅಂದ್ರೇನು? ಇದು ಸಡ್ಡೆ ಕಣ್ರವ್ವ! ಗಂಡಸರು ಮುಂದೆ ಕೂರಿಗೆ ಹೊಡೀತಿದ್ರು. ಕೂರಿಗೇಲಿ ರಾಗಿ ಬೀಳ್ತಿತ್ತು. ಸಡ್ಡೆನ ಹಗ್ಗದಲ್ಲಿ ಕೂರಿಗೆಗೆ ಕಟ್ಟಿ, ಹಿಂದೆ ನಾವು ಹಿಡ್ಕೊಂಡು ನಡೀತಿದ್ದೊ. ಮಡಿಲಲ್ಲಿ ಅವರೆಕಾಳು, ತೊಗರಿ. ಮುಷ್ಟಿ ಬಿಗಿ ಮಾಡಿದ್ರೆ ಕಾಳು ನಿಲ್ತದೆ. ಸಡಿಲ ಬಿಟ್ರೆ ಸುರೀತದೆ. ಬೆರಳೇ ಅಳತೆ. ಅದೇ ಅಕ್ಕಡಿ ಸಾಲು."

ಅಕ್ಕಡಿ ಸಾಲು ಎಂದರೆ ರಾಗಿಯ ಸಾಲುಗಳ ನಡುವೆ ಹಾಕುವ ಕಾಳಿನ ಸಾಲು. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆಯಾದರೂ ಕೈಗೆ ಸಿಗುತ್ತದೆ. ಮುದ್ದೆಯ ಜೊತೆ ಸಾರಿಗೆ ಕಾಳು ಬೇಕಲ್ಲ! ಅವರೆ, ತೊಗರಿ ಬೇರುಗಳು ಮಣ್ಣಿಗೂ ಸಾರ ಕೊಡುತ್ತವೆ.

ಸಂಗ್ರಹಾಲಯ ನೋಡಿಕೊಳ್ಳುವ ಮೇಡಂ ಓಡಿ ಬಂದರು. ಅವರು ಓದಿದವರು. ಆದರೆ ಸಡ್ಡೆ ಹಿಡಿದವರಲ್ಲ. "ಇನ್ನೊಂದ್ ಸಲ ಹೇಳಿ ಅಜ್ಜಿ" ಎಂದರು. ಪೂರ್ತಿ ಕೇಳಿದರು. ಹೊಸ ಚೀಟಿ ತಂದರು. ಪೆನ್ನನ್ನು ನಮ್ಮ ಕಡೆ ಚಾಚಿದರು.

"ಗೊತ್ತಿರೋದು ನಿಮಗೆ. ನೀವೇ ಬರೀರಿ."

ನಮ್ಮ ಕೈ ನಡುಗಿತು. ಡ-ಕ್ಕೆ ಒತ್ತು ಹೇಗೆ ಎಂದು ನಮ್ಮಲ್ಲೇ ಚರ್ಚೆ ಆಯಿತು. ಕೊನೆಗೆ ಹೀಗೆ ಬರೆದೆವು:

"ಸಡ್ಡೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಕಾಳು ಬಿಡುವ ಸಾಧನ. ಇದನ್ನು ಹಿಡಿಯುತ್ತಿದ್ದವರು ಹೆಂಗಸರು."

ಕೊನೆಯ ಮಾತು ಬರೆಸಿದವರು ದೊಡ್ಡವ್ವ. "ಅದನ್ನ ಬಿಟ್ಬುಡಬೇಡಿ" ಎಂದರು.

ಸಂಬಳ ಇಲ್ಲದ ಕೆಲಸ ಯಾಕೆ?

ಹೊರಡುವಾಗ ಮೇಡಂ ಕೇಳಿದರು: "ತಿಂಗಳಿಗೆ ಎರಡು ಭಾನುವಾರ ಬರ್ತೀರಾ? ಸ್ವಯಂಸೇವಕಿಯರಾಗಿ ನಮಗೆ ಸಹಾಯ ಮಾಡ್ತೀರಾ?"

ಸ್ವಯಂಸೇವಕಿ ಎಂದರೆ ತಾನೇ ಇಷ್ಟಪಟ್ಟು, ಸಂಬಳ ಇಲ್ಲದೆ ಕೆಲಸ ಮಾಡುವವಳು.

ಮನೆಯಲ್ಲಿ ಹೇಳಿದಾಗ ಮಾತು ಬಂತು. "ಸಂಬಳ ಇಲ್ಲದ ಚಾಕರಿ ಯಾಕೆ? ಮನೇಲಿ ಮಾಡೋದು ಸಾಲದಾ?" ಅದು ತಪ್ಪು ಪ್ರಶ್ನೆ ಅಲ್ಲ. ಹೆಂಗಸರ ಕೆಲಸಕ್ಕೆ ಕೂಲಿ ಕೊಡದೆ ಇರುವುದು ಹಳೆಯ ಅಭ್ಯಾಸ. ಅದಕ್ಕೇ ನಾವು ಕೂತು ಯೋಚಿಸಿದೆವು. ನಾಲ್ಕು ಮಾತು ಕಾಗದದಲ್ಲಿ ಬರೆದು ಮೇಡಂಗೆ ಕೊಟ್ಟೆವು.

1. ಬಸ್ ಚಾರ್ಜು ಕೊಡಬೇಕು.
2. ಸಂಜೆ ಬೆಳಕಿರುವಾಗಲೇ ಬಿಡಬೇಕು.
3. ಹೊಲದ ಕೆಲಸ ಜೋರಾಗಿರುವಾಗ ನಾವು ಬರುವುದಿಲ್ಲ.
4. ಕಸ ಗುಡಿಸುವ, ನೀರು ಹೊರುವ ಕೆಲಸಕ್ಕೆ ಸಂಬಳ ಕೊಟ್ಟು ಜನ ಇಟ್ಟುಕೊಳ್ಳಬೇಕು. ನಾವು ಬರುವುದು ನಮಗೆ ಗೊತ್ತಿರುವುದನ್ನು ಹೇಳಲು, ಗೊತ್ತಿಲ್ಲದ್ದನ್ನು ಕಲಿಯಲು.

ಮೇಡಂ ಓದಿದರು. ಒಪ್ಪಿ ರುಜು ಹಾಕಿದರು. ಹದಿನಾಲ್ಕು ಜನರಲ್ಲಿ ಐದು ಜನ ಹೋಗುತ್ತಿದ್ದೇವೆ. ಉಳಿದವರಿಗೆ ಆಗಲಿಲ್ಲ. ಆಗದವರನ್ನು ಯಾರೂ ಆಡಿಕೊಳ್ಳಲಿಲ್ಲ.

ನಾವು ಕಲಿತದ್ದು

ಮೊದಲು ಕಲಿತದ್ದು ನಂಬರಿನ ಕೆಲಸ. ಸಂಗ್ರಹಾಲಯದಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರು. ಅದನ್ನು ವಸ್ತುವಿನ ಮೇಲೆ ಕಣ್ಣಿಗೆ ಬೀಳದ ಕಡೆ ಸಣ್ಣದಾಗಿ ಬರೆಯುತ್ತಾರೆ. ಅದೇ ನಂಬರು ದೊಡ್ಡ ಪುಸ್ತಕದಲ್ಲೂ ಇರುತ್ತದೆ. ವಸ್ತು ಯಾವುದು, ಯಾವ ಊರಿನದು, ಯಾರು ಕೊಟ್ಟರು, ಯಾವ ದಿನ ಬಂತು, ಎಲ್ಲವನ್ನೂ ಅಲ್ಲಿ ಬರೆಯುತ್ತಾರೆ. ನಂಬರು ಇಲ್ಲದಿದ್ದರೆ ಯಾವುದು ಎಲ್ಲಿಂದ ಬಂತು ಎಂಬುದೇ ಮರೆತುಹೋಗುತ್ತದೆ. ಕಳುವಾದರೂ ತಿಳಿಯುವುದಿಲ್ಲ.

ಎರಡನೆಯದು ಶುಚಿ ಮಾಡುವ ರೀತಿ. ಒಂದು ಹಿತ್ತಾಳೆ ಚೊಂಬು ಕಪ್ಪಾಗಿತ್ತು. ನಾವು ಹುಣಸೆಹಣ್ಣು, ಬೂದಿ ಹುಡುಕಿದೆವು. ಫಳಫಳ ಹೊಳೆಯಿಸೋಣ ಎಂದು! ಮೇಡಂ ಗಾಬರಿಯಾದರು.

"ಬೇಡಿ, ಬೇಡಿ! ಮನೇಲಿ ಸರಿ, ಇಲ್ಲಿ ಬೇಡ. ಉಜ್ಜಿದಷ್ಟೂ ಲೋಹ ಸವೆಯುತ್ತೆ. ಇಲ್ನೋಡಿ, ಯಾರದೋ ಹೆಸರು ಕೆತ್ತಿದೆ. ಹುಣಸೆಹಣ್ಣು ಹಾಕಿ ಉಜ್ತಾ ಇದ್ರೆ ಈ ಅಕ್ಷರ ಅಳಿಸಿಹೋಗುತ್ತೆ."

ಆವತ್ತಿನಿಂದ ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ಮಾತ್ರ ತೆಗೆಯುತ್ತೇವೆ. ಲೋಹದ ವಸ್ತು ಮುಟ್ಟುವಾಗ ಕೈಗವಸು ಹಾಕುತ್ತೇವೆ. ಕೈಯ ಬೆವರು ಲೋಹವನ್ನು ಕೆಡಿಸುತ್ತದೆ. ಪಾತ್ರೆಯನ್ನು ಕಿವಿ ಹಿಡಿದು ಎತ್ತುವುದಿಲ್ಲ. ಅಡಿಗೆ ಕೈ ಕೊಟ್ಟು ಎರಡೂ ಕೈಯಲ್ಲಿ ಎತ್ತುತ್ತೇವೆ.

ಮೂರನೆಯದು ಮಕ್ಕಳಿಗೆ ಹೇಳುವುದು. ಮೇ 18 ವಿಶ್ವ ವಸ್ತು ಸಂಗ್ರಹಾಲಯ ದಿನ. 1977ರಿಂದ ಇದನ್ನು ಆಚರಿಸುತ್ತಾರೆ. ಆ ದಿನ ಮಕ್ಕಳು ಬಂದಿದ್ದರು. ಮುಟ್ಟಬೇಡಿ ಎಂದು ಬರೀ ಗದರಿದರೆ ಮಕ್ಕಳಿಗೆ ಬೇಸರ. ಅದಕ್ಕೆ ಒಂದು ಬೀಸುವ ಕಲ್ಲನ್ನು ಮುಟ್ಟಿ ನೋಡಲೆಂದೇ ಇಟ್ಟಿದ್ದೇವೆ. ಒಂದು ಹಿಡಿ ರಾಗಿ ಹಾಕಿ ಬೀಸಿ ಎನ್ನುತ್ತೇವೆ. ನಾಲ್ಕು ಸುತ್ತಿಗೇ ಕೈ ಸೋಲುತ್ತದೆ. "ನಮ್ಮಜ್ಜಿ ದಿನಾ ಇದನ್ನ ಮಾಡ್ತಿದ್ರಾ?" ಎಂದು ಕೇಳುತ್ತಾರೆ. ಆಗ ಪಾಠ ತಾನಾಗಿಯೇ ಆಗುತ್ತದೆ.

ನಮ್ಮ ನಾಡಿನಲ್ಲಿ

ನಮ್ಮ ನಾಡಿನಲ್ಲಿ ಇಂಥ ಜಾಗಗಳು ಹಲವು ಇವೆ ಎಂದು ಮೇಡಂ ಹೇಳಿದರು. ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯ ಶುರುವಾದದ್ದು 1865ರಲ್ಲಿ. ಅಲ್ಲಿ ಹಳೆಯ ಶಾಸನಗಳು, ವೀರಗಲ್ಲುಗಳು ಇವೆ. ಮಣಿಪಾಲದಲ್ಲಿ ಹಳೆಯ ಮನೆಗಳನ್ನೇ ಬಿಚ್ಚಿ ತಂದು, ಮತ್ತೆ ಕಟ್ಟಿ ಉಳಿಸಿದ್ದಾರೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ರಾಮನಗರದ ಹತ್ತಿರ ಜಾನಪದ ಲೋಕ ಇದೆ. ಅದು 1994ರಲ್ಲಿ ಶುರುವಾಯಿತು. ಕಟ್ಟಿದವರು ಎಚ್.ಎಲ್. ನಾಗೇಗೌಡರು. ಅವರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ಹಳ್ಳಿಗರ ಹಾಡು, ಕಥೆ, ಪಾತ್ರೆ ಪಡಗ, ಬೇಸಾಯದ ಸಾಮಾನು ಎಲ್ಲವನ್ನೂ ಕೂಡಿಹಾಕಲು ದುಡಿದರು. 2005ರಲ್ಲಿ ತೀರಿಕೊಂಡರು. ಅಲ್ಲಿ ಇರುವುದು ಹೆಚ್ಚಾಗಿ ರಾಜರ ಸಾಮಾನಲ್ಲ, ನಮ್ಮಂಥವರ ಸಾಮಾನು.

ಕೊಡುವ ಮುಂಚೆ ಓದಿ

ದೊಡ್ಡವ್ವನ ಮನೆಯಲ್ಲಿ ಒಂದು ಹಿತ್ತಾಳೆ ಕೊಳಗ ಇತ್ತು. ಅದು ಅವರ ತವರಿನದು. ಮೊಮ್ಮಗ ಅದನ್ನು ಗುಜರಿಗೆ ಹಾಕಲು ಹೊರಟಿದ್ದ. ಗುಜರಿಯವನು ಕೊಡುವುದು ತೂಕದ ದುಡ್ಡು ಮಾತ್ರ. ದೊಡ್ಡವ್ವ ಬಿಡಲಿಲ್ಲ. ಸಂಗ್ರಹಾಲಯಕ್ಕೆ ತಂದರು.

ಮೇಡಂ ಒಂದು ಫಾರಂ ಕೊಟ್ಟರು. ದೊಡ್ಡವ್ವ ರುಜು ಹಾಕಲು ಪೆನ್ನು ಎತ್ತಿದರು. "ತಾಳಿ ದೊಡ್ಡವ್ವ, ಓದೋಣ" ಎಂದೆವು. ಅದರಲ್ಲಿ "ದಾನ" ಎಂದಿತ್ತು. "ಕೊಟ್ಟ ವಸ್ತುವನ್ನು ಹಿಂದಕ್ಕೆ ಕೇಳುವಂತಿಲ್ಲ" ಎಂದೂ ಇತ್ತು. ದೊಡ್ಡವ್ವ ಪೆನ್ನು ಕೆಳಗಿಟ್ಟರು.

"ನಾನಿರೋಗಂಟ ಇದು ನಂದು. ಜನ ನೋಡ್ಲಿ, ಬೇಡ ಅನ್ನಲ್ಲ. ಆದ್ರೆ ಬೇಕಂದಾಗ ವಾಪಸ್ ಕೊಡಬೇಕು."

ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಎರವಲು ಅಂತ ಬರ್ಕೊಳ್ಳೋಣ" ಎಂದರು. ಬೇರೆ ಕಾಗದ ಬಂತು. ಮೂರು ವರ್ಷದ ಎರವಲು. ದೊಡ್ಡವ್ವನಿಗೆ ರಸೀತಿ ಸಿಕ್ಕಿತು. ಅವರು ಅದನ್ನು ಟ್ರಂಕಿನಲ್ಲಿ ಇಟ್ಟಿದ್ದಾರೆ.

ದಾನ ಬೇರೆ, ಎರವಲು ಬೇರೆ. ಎರಡೂ ಒಳ್ಳೆಯದೇ. ಯಾವುದಕ್ಕೆ ರುಜು ಹಾಕುತ್ತಿದ್ದೇವೆ ಎಂಬುದು ನಮಗೆ ಗೊತ್ತಿರಬೇಕು.

ಇನ್ನೂ ಖಾಲಿ ಇರುವ ಚೀಟಿ

ಎಲ್ಲವೂ ಸಡ್ಡೆಯ ಹಾಗೆ ಆಗಲಿಲ್ಲ. ಅಲ್ಲಿ ಇನ್ನೊಂದು ವಸ್ತು ಇದೆ. ಮರದ್ದು, ಅಂಗೈ ಅಗಲ, ನಡುವೆ ಮೂರು ತೂತು. ಅದು ಏನೆಂದು ದೊಡ್ಡವ್ವನಿಗೂ ಗೊತ್ತಿಲ್ಲ. "ಪಕ್ಕದೂರಿನಲ್ಲಿ ಒಬ್ಬ ಅಜ್ಜಿ ಅವರೆ. ಅವರನ್ನ ಕೇಳಿ" ಎಂದರು. ಕೊಯ್ಲು ಮುಗಿಯಲಿ, ಹೋಗೋಣ ಎಂದುಕೊಂಡೆವು. ಕೊಯ್ಲು ಮುಗಿಯಿತು. ಹೋದೆವು. ಆ ಅಜ್ಜಿ ತೀರಿಕೊಂಡು ಒಂಬತ್ತು ದಿನವಾಗಿತ್ತು.

ಆ ಚೀಟಿ ಇನ್ನೂ ಖಾಲಿಯಾಗಿದೆ. ಅದನ್ನು ನೋಡಿದಾಗಲೆಲ್ಲ ನಮಗೆ ಸಂಕಟ ಆಗುತ್ತದೆ.

ಮರ, ಕಲ್ಲು, ಹಿತ್ತಾಳೆ ಜೋಪಾನ ಮಾಡಿದರೆ ನೂರು ವರ್ಷ ಇರುತ್ತವೆ. ಅವುಗಳ ಹೆಸರು, ಅವುಗಳ ಕೆಲಸ ಇರುವುದು ಮನುಷ್ಯರ ನೆನಪಿನಲ್ಲಿ. ಕೇಳಿ ಬರೆದಿಟ್ಟರೆ ಮಾತ್ರ ಅದು ಉಳಿಯುತ್ತದೆ. ಅಕ್ಕಂದಿರೇ, ತಂಗಿಯರೇ, ಬರೆಯಲು ಈಗ ನಮಗೂ ಬರುತ್ತದಲ್ಲ! ನಿಮ್ಮ ಮನೆಯ ಹಿರಿಯರನ್ನು ಈ ವಾರವೇ ಕೇಳಿ. ಕೊಯ್ಲು ಮುಗಿಯಲಿ ಎಂದು ಕಾಯಬೇಡಿ.

ಹೊಸ ಪದಗಳು

ವಸ್ತು ಸಂಗ್ರಹಾಲಯ – ಹಳೆಯ ವಸ್ತುಗಳನ್ನು ಕಾಪಾಡಿ ಜನರಿಗೆ ತೋರಿಸುವ ಜಾಗ
ಸ್ವಯಂಸೇವಕಿ – ಇಷ್ಟಪಟ್ಟು, ಸಂಬಳ ಇಲ್ಲದೆ ಕೆಲಸ ಮಾಡುವವಳು
ಎರವಲು – ವಾಪಸ್ ಪಡೆಯುವ ಮಾತಿನ ಮೇಲೆ ಕೊಡುವುದು
ರಸೀತಿ – ಪಡೆದುಕೊಂಡದ್ದಕ್ಕೆ ಬರೆದು ಕೊಡುವ ಚೀಟಿ

ಮಾತಾಡೋಣ

1. ಸಡ್ಡೆಯ ಚೀಟಿಯಲ್ಲಿ "ಹೆಂಗಸರು" ಎಂದು ಬರೆಸಲು ದೊಡ್ಡವ್ವ ಯಾಕೆ ಹಟ ಮಾಡಿದರು?
2. ಸಂಬಳ ಇಲ್ಲದ ಕೆಲಸಕ್ಕೆ ಹೋಗುವ ಮುಂಚೆ ಏನೇನು ಕೇಳಿಕೊಳ್ಳಬೇಕು?
3. ದಾನಕ್ಕೂ ಎರವಲಿಗೂ ಏನು ವ್ಯತ್ಯಾಸ?

ಮಾಡಿ ನೋಡಿ

ನಿಮ್ಮ ಅಟ್ಟದ ಮೇಲಿನ ಒಂದು ಹಳೆಯ ಸಾಮಾನು ಕೆಳಗಿಳಿಸಿ. ಅದರ ಹೆಸರೇನು? ಏನಕ್ಕೆ ಬಳಸುತ್ತಿದ್ದರು? ಯಾರು ಬಳಸುತ್ತಿದ್ದರು? ಮೂರು ಸಾಲು ಬರೆಯಿರಿ. ಹೇಳಿದವರ ಹೆಸರು, ಊರು, ತಾರೀಕು ಹಾಕಿ. ಅದೇ ನಿಮ್ಮ ಮೊದಲ ಚೀಟಿ.