ಚಳಿಗಾಲಕ್ಕೊಂದು ಗಿಡಮರಗಳ ಪುಸ್ತಕ

ಧನುರ್ಮಾಸದ ಚಳಿಗೆ ಹೊರಗೆ ಕಾಲಿಡಲು ಮನಸ್ಸಾಗದ ದಿನ, ಸಸ್ಯಚಿತ್ರಗಳ ಹಳೆಯ ಪುಸ್ತಕವೊಂದನ್ನು ಬಿಡಿಸಿ ಕೂರಿ. ನನ್ನನ್ನು ಕೇಳಿದರೆ 'ಹೊರ್ತುಸ್ ಮಲಬಾರಿಕುಸ್' ಎನ್ನುತ್ತೇನೆ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಇದರ 12 ಸಂಪುಟಗಳು 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದವು. ಮೂಲಪ್ರತಿ ನಮ್ಮಂಥವರ ಕೈಗೆಟುಕುವುದಲ್ಲ, ಬಿಡಿ. ಸ್ಕ್ಯಾನ್ ಮಾಡಿದ ಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ.

ಲ್ಯಾಟಿನ್ ಪಠ್ಯಕ್ಕೆ ಹೆದರಬೇಡಿ, ಚಿತ್ರಗಳೇ ಸಾಕು. ಮೊದಲನೆಯದೇ ನಮ್ಮ ತೆಂಗು! ಬಣ್ಣವಿಲ್ಲ, ತಾಮ್ರದ ತಗಡಿನಲ್ಲಿ ಕೊರೆದ ಸಣ್ಣ ಗೆರೆಗಳು ಒತ್ತಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು. ಜೊತೆಗೆ ಗಿಡದ ಹೆಸರು ರೋಮನ್, ಮಲಯಾಳಂ, ಅರಬಿ ಲಿಪಿಗಳಲ್ಲಿ. ಎಷ್ಟೋ ಪುಟಗಳಲ್ಲಿ ನಾಗರಿಯಲ್ಲಿ ಕೊಂಕಣಿ ಹೆಸರೂ ಉಂಟು. ದಿನಕ್ಕೆ ನಾಲ್ಕೈದು ಪುಟ ಸಾಕು, ಓಡಿಸಬೇಡಿ.

ಅಜ್ಜನ ಕಾಲದ ಅಂಥ ಪುಸ್ತಕ ಮನೆಯಲ್ಲೇ ಇದ್ದರೆ ನೀವು ಪುಣ್ಯವಂತರು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಮುಟ್ಟಿ. ಕಾಫಿ ಲೋಟ ಬೇರೆ ಮೇಜಿನ ಮೇಲಿರಲಿ. ಬೆನ್ನು ಮುರಿಯುವಂತೆ ಅಗಲಿಸದೆ, ಎರಡೂ ರಟ್ಟುಗಳ ಕೆಳಗೆ ದಿಂಬು ಕೊಡಿ. ಕಿತ್ತುಬಂದ ಹಾಳೆಗೆ ಸೆಲೋಟೇಪು ಮಾತ್ರ ಬೇಡ. ಅದರ ಅಂಟು ಹಳದಿಗಟ್ಟಿ ಕಾಗದವನ್ನೇ ಕೆಡಿಸುತ್ತದೆ.