ಜನರೇಟರ್ ಮೇಲೆ, ಪಂಪ್ ಕೆಳಗೆ

ವಿಪತ್ತು ಬಂದಾಗಲೂ ಒಂದು ಸಂಸ್ಥೆಯ ಕೆಲಸ ನಿಲ್ಲದಂತೆ ನೋಡಿಕೊಳ್ಳೋದು ಹೇಗೆ? ಇವತ್ತು ಇದನ್ನೇ ನೋಡೋಣ.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಅಪ್ಪಳಿಸಿತು. ಅಲ್ಲಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಸುರಕ್ಷಿತವಾಗೇ ಇದ್ದವು. ಆದರೆ ಅವುಗಳಿಗೆ ಇಂಧನ ಏರಿಸೋ ಪಂಪ್‌ಗಳಿದ್ದದ್ದು ನೆಲಮಾಳಿಗೆಯಲ್ಲಿ. ಅವು ಮುಳುಗಿದವು. ಜನ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು, ಕೈಯಿಂದ ಕೈಗೆ ಇಂಧನ ದಾಟಿಸಿದರು. ಆದರೂ ಕೊನೆಗೆ ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಸಾಗಿಸಲೇಬೇಕಾಯ್ತು.

ಹತ್ತಿರದ ಎನ್‌ವೈಯು ಲ್ಯಾಂಗೋನ್‌ನ ನೆಲಮಾಳಿಗೆಯಲ್ಲಿ ಸಂಶೋಧನೆಗೆ ಸಾಕಿದ್ದ ಸಾವಿರಾರು ಇಲಿಗಳು ಸತ್ತವು. ನಮ್ಮಂಥ ಜೀವವಿಜ್ಞಾನಿಗಳಿಗೆ ಇದು ವರ್ಷಗಳ ದುಡಿಮೆ ಒಂದೇ ರಾತ್ರಿಯಲ್ಲಿ ಹೋದಂತೆ. ಆದರೆ ಮೊದಲೇ ಬೇರೆ ಪ್ರಯೋಗಾಲಯಗಳ ಜೊತೆ ಹಂಚಿಕೊಂಡಿದ್ದ ತಳಿಗಳನ್ನು ಮರಳಿ ಪಡೆಯೋಕೆ ದಾರಿ ಇತ್ತು.

ಇದರಿಂದ ನಾವು ಕಲಿಯೋದು ಎರಡು. ಒಂದು, ಜನರೇಟರ್ ಇದೆ ಅಂದರೆ ಸಾಲದು. ಅದು ನಂಬಿಕೊಂಡಿರೋ ಇಂಧನ, ಪಂಪ್, ವೈರಿಂಗ್, ನಡೆಸೋ ಜನ, ಎಲ್ಲವನ್ನೂ ಪಟ್ಟಿ ಮಾಡಬೇಕು. ಒಂದೇ ನೀರು ಯಾವ್ಯಾವುದನ್ನು ಒಟ್ಟಿಗೆ ಮುಳುಗಿಸುತ್ತೆ ಅಂತ ಕೇಳಬೇಕು. ಎರಡು, ಮತ್ತೆ ಸಿಗದ ವಸ್ತುವಿನ ಪ್ರತಿ ಬೇರೆ ಊರಲ್ಲಿರಬೇಕು. ಮೈನಸ್ 80 ಡಿಗ್ರಿಯ ಎರಡು ಫ್ರೀಜರ್‌ಗಳು ಒಂದೇ ಕೋಣೆಯಲ್ಲಿದ್ದರೆ, ಪ್ರವಾಹದ ಲೆಕ್ಕದಲ್ಲಿ ಅವು ಒಂದೇ.

ನಾಳೆ ಕೆಲಸಕ್ಕೆ ಹೋದಾಗ ವಿಚಾರಿಸಿ ನೋಡಿ: ನಿಮ್ಮಲ್ಲಿ ಪಂಪ್ ಎಲ್ಲಿದೆ? ರಾತ್ರಿ ಎರಡು ಗಂಟೆಗೆ ಕರೆಂಟ್ ಹೋದರೆ ಯಾರಿಗೆ ಫೋನ್ ಮಾಡಬೇಕು? ಆ ನಂಬರ್ ಕಾಗದದ ಮೇಲಿರಲಿ.