ನಿಲ್ಲುವಾಗ ಬಂದಾಗುವ ಲಾರಿ: ರೋಗವನ್ನು ಹುಡುಕುವ ಬಗೆ

ಉದಕಮಂಡಲದ ಆಸುಪಾಸಿನಲ್ಲಿ ಬೆಳೆದ ಕ್ಯಾರೆಟ್, ಆಲೂಗೆಡ್ಡೆ, ಕೋಸು ಮೆಟ್ಟುಪಾಳ್ಯದ ಮಂಡಿಗೆ ಲಾರಿಯಲ್ಲಿಯೇ ಇಳಿಯಬೇಕು. ಗೂಡಲೂರಿಗೂ ಮಸಿನಗುಡಿಗೂ ಘಾಟಿಯೇ ದಾರಿ. ಕಲ್ಹಟ್ಟಿಯೊಂದರಲ್ಲೇ 36 ಕಡಿದಾದ ತಿರುವುಗಳು. ಓಡುವಾಗ ಚೆನ್ನಾಗಿದ್ದು, ಬ್ರೇಕು ಒತ್ತಿ ನಿಲ್ಲಿಸಹೋದೊಡನೆ ಬಂದಾಗುವ ಲಾರಿಯನ್ನು “ಮತ್ತೆ ಸ್ಟಾರ್ಟು ಮಾಡಿದರಾಯಿತು” ಎಂದು ಇಂಥಲ್ಲಿ ಅಲಕ್ಷಿಸುವುದು ಸರಿಯಲ್ಲ. ಇಂಜಿನು ನಿಂತರೆ ಪವರ್ ಸ್ಟೀರಿಂಗಿನ ನೆರವು ತಪ್ಪುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ. ಆಮೇಲೆ ಟ್ಯಾಂಕಿನಲ್ಲಿ ಉಳಿದ ಗಾಳಿಯಷ್ಟೇ ಗತಿ.

ನಾವು ಕಾಲು ತೆಗೆದಾಗ ಇಂಜಿನನ್ನು ಸಾಯಗೊಡದೆ ಹಿಡಿಯುವುದು ಪಂಪಿನೊಳಗಿನ ಗವರ್ನರು. ವೇಗ ಇಳಿದು ನಿಮಿಷಕ್ಕೆ ಸುಮಾರು 600-700 ಸುತ್ತಿಗೆ ಬಂದಾಗ ಅದು ತುಸುವೇ ಡೀಸೆಲನ್ನು, ಆದರೆ ಸಮವಾಗಿ, ಕೊಡುತ್ತಿರಬೇಕು. ಆ ತುಸುವಿನಲ್ಲಿ ಏರುಪೇರಾದರೆ ಇಂಜಿನು ನಿಲ್ಲುತ್ತದೆ.

ಮೊದಲು ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೈಬ್ರೇಕು ಹಾಕಿ, ನ್ಯೂಟ್ರಲ್ಲಿನಲ್ಲಿ ಇಂಜಿನು ಬಿಸಿಯಾಗಲು ಬಿಡಿರಿ. ಆಕ್ಸಿಲರೇಟರು ಒತ್ತಿ ಥಟ್ಟನೆ ಬಿಡಿರಿ. ಆಗಲೂ ನಿಂತರೆ ದೋಷ ಡೀಸೆಲಿನ ದಾರಿಯಲ್ಲೋ ಐಡ್ಲಿಂಗಿನಲ್ಲೋ ಇದೆ. ನಿಲ್ಲದಿದ್ದರೆ ಕ್ಲಚ್ಚನ್ನು ಪೂರ್ತಿ ಒತ್ತಿ ಮೊದಲ ಗೇರು ಹಾಕಿ ನೋಡಿರಿ; ಲಾರಿಯ ಮುಂದೆ ಯಾರೂ ಇರಬಾರದು. ಇಂಜಿನು ಕುಗ್ಗಿದರೆ, ಲಾರಿ ತೆವಳಲು ಹವಣಿಸಿದರೆ, ಕ್ಲಚ್ಚು ಬಿಡುತ್ತಿಲ್ಲ. ಪಂಪು ಬಿಚ್ಚಿಸಿದರೆ ದುಡ್ಡು ದಂಡ. ಎರಡರಲ್ಲೂ ನಿಲ್ಲದೆ, ಟ್ಯಾಂಕು ತಳ ಕಂಡಾಗ ಬ್ರೇಕು ಒತ್ತಿದರೆ ಮಾತ್ರ ನಿಲ್ಲುವುದಾದರೆ, ಡೀಸೆಲು ಮುಂದಕ್ಕೆ ನುಗ್ಗಿ ಹೀರುವ ಕೊಳವೆಯ ಬಾಯಿ ಬರಿದಾಗುತ್ತಿರಬಹುದು.

ನಮ್ಮ ಕಡೆ ಎಲ್ಲಕ್ಕೂ ‘ಮೇಲಿನ ತೆಳುಗಾಳಿ’ಯನ್ನು ದೂರುವ ವಾಡಿಕೆಯಿದೆ. ಸುಮಾರು 2,240 ಮೀಟರು ಎತ್ತರದ ಉದಕಮಂಡಲದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಕಾಲುಭಾಗ ಕಡಿಮೆ ಎಂಬುದು ನಿಜ; ಏರಿನಲ್ಲಿ ಹೊಗೆ ಹೆಚ್ಚುವುದಕ್ಕೂ ಎಳೆತ ಕುಗ್ಗುವುದಕ್ಕೂ ಅದು ಕಾರಣ. ಆದರೆ ಐಡ್ಲಿಂಗಿನಲ್ಲಿ ಡೀಸೆಲ್ ಇಂಜಿನಿಗೆ ಬೇಕಾದುದಕ್ಕಿಂತ ಗಾಳಿ ಬಹಳ ಹೆಚ್ಚಾಗಿಯೇ ಇರುತ್ತದೆ. ಕಾರ್ಬೊರೇಟರಿನ ಹಳೆಯ ಪೆಟ್ರೋಲ್ ಗಾಡಿಯ ಮಾತು ಬೇರೆ.

ನಿಜವಾದ ಕಳ್ಳ ಹಲವು ಸಲ ಡೀಸೆಲಿನೊಳಗೆ ಸೇರಿದ ಗಾಳಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಕೊಳವೆ ಹೀರುವ ಕೊಳವೆ. ಸೀಳಿದ ಕೊಳವೆಯಿಂದ ಎಳನೀರು ಕುಡಿದು ನೋಡಿರಿ: ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಆದ್ದರಿಂದ ಕೆಳಗೆ ಡೀಸೆಲಿನ ಹನಿ ಕಾಣಲಿಲ್ಲವೆಂದು ನಂಬಿ ಕೂರಬೇಡಿ. ಬೆಳಿಗ್ಗೆ ಸ್ಟಾರ್ಟು ಆಗಲು ಹಟ ಮಾಡುವುದೂ ಇದರದೇ ಗುರುತಿರಬಹುದು. ರಾತ್ರಿ ಡೀಸೆಲು ಟ್ಯಾಂಕಿಗೆ ಹಿಂದೆ ಸರಿದಿರುತ್ತದೆ. ಹಳೆಯ ಮಾದರಿಯ ಲಾರಿಯಾದರೆ ಇಂಜಿನು ನಿಲ್ಲಿಸಿ, ಫಿಲ್ಟರಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿರಿ. ನೊರೆಯಿಲ್ಲದ ಡೀಸೆಲು ಬಂದಮೇಲೆ ಬಿಗಿಯಿರಿ. ಎರಡು ದಿನದಲ್ಲಿ ಮತ್ತೆ ನೊರೆ ಬಂದರೆ ವಾಷರು, ಹೋಸು, ಕ್ಲಿಪ್ಪುಗಳನ್ನು ಒಂದೊಂದಾಗಿ ನೋಡಬೇಕು. ಕಟ್ಟಿದ ಫಿಲ್ಟರಾದರೆ ಸಾಮಾನ್ಯವಾಗಿ ಭಾರ ಹೊತ್ತ ಏರಿನಲ್ಲಿಯೇ ಮೊದಲು ದಣಿವು ತೋರಿಸುತ್ತದೆ. ಚಳಿಯಲ್ಲಿ ಅರೆತುಂಬಿದ ಟ್ಯಾಂಕಿನೊಳಗೆ ನೀರು ಕಟ್ಟುವುದರಿಂದ ಫಿಲ್ಟರಿನ ತಳದ ನೀರನ್ನೂ ಬಿಡಿರಿ.

ಐಡ್ಲಿಂಗ್ ಸ್ಕ್ರೂ ತಿರುವಿ ವೇಗ ಏರಿಸುವುದು ಎಲ್ಲರಿಗೂ ಗೊತ್ತಿರುವ ಮದ್ದು. ಕಾರಣ ತಿಳಿಯದೆ ಹಾಗೆ ಮಾಡಿದರೆ ರೋಗ ಮರೆಯಾಗುತ್ತದೆ, ಡೀಸೆಲೂ ಸುಡುತ್ತದೆ.

2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಲಾರಿಗಳಲ್ಲಿ ಆ ಸ್ಕ್ರೂವೇ ಇಲ್ಲ. ಅಲ್ಲಿ ಡೀಸೆಲಿನ ಅಳತೆ ಕಂಪ್ಯೂಟರಿನದು. ಮಸಿಕಟ್ಟಿದ ಇ.ಜಿ.ಆರ್. ವಾಲ್ವು ತೆರೆದೇ ಉಳಿದರೂ ಇಂಜಿನು ಹೀಗೆಯೇ ನಿಲ್ಲಬಹುದು. ಅದನ್ನು ಸ್ಕ್ಯಾನರು ಇರುವಲ್ಲಿ ತೋರಿಸಿರಿ. ಇಂಜಿನು ಓಡುತ್ತಿರುವಾಗ ಇಂಜೆಕ್ಟರಿನ ಕೊಳವೆಯನ್ನು ಸಡಿಲಿಸಲೇಬಾರದು. ಸಾವಿರ ಬಾರ್ ಮೀರಬಲ್ಲ ಒತ್ತಡದ ಡೀಸೆಲು ಚರ್ಮವನ್ನು ತೂರಿ ಒಳಹೋಗುತ್ತದೆ.

ಮೆಕ್ಯಾನಿಕನ ಬಳಿ ಹೋಗುವ ಮುಂಚೆ ಒಂದು ಚೀಟಿ ಬರೆದಿಡಿ: ನಿಂತದ್ದು ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರಿನಲ್ಲೋ ಇಳಿಜಾರಿನಲ್ಲೋ, ಗೇರಿನಲ್ಲಿತ್ತೋ ಇಲ್ಲವೋ, ಟ್ಯಾಂಕಿನಲ್ಲಿ ಡೀಸೆಲು ಎಷ್ಟಿತ್ತು. ಈ ಪರೀಕ್ಷೆಗಳನ್ನು ಮಾಲು ಹೇರುವ ಹಿಂದಿನ ದಿನವೇ ಮಾಡಿರಿ.